ಸುಧಾರಿಸುತ್ತೇನೆ ಎಂದ ಬಾಯಿ

ನನಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಮಾತು ಕನ್ನಡದಿಂದ ತಮಿಳಿಗೆ ಹಾರುತ್ತದೆ. ಮನೆಯಲ್ಲಿ ಅಪ್ಪಯ್ಯನಿಗೆ ಈ ಲಕ್ಷಣ ಚೆನ್ನಾಗಿ ಗೊತ್ತು. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅಂದಾಜು ಮಾಡಿ, "ಇವತ್ತು ಯಾವ ಫಾರ್ಮು ಮಾರಾಯ್ತಿ?" ಎಂದು ಕೇಳುತ್ತಾರೆ. ಕೆಲವು ವರ್ಷಗಳಿಂದ ನನ್ನ ಸಿಟ್ಟಿಗೆಲ್ಲ ಮೂಲ ಒಂದೇ: ಸಂಶೋಧನೆಗೆ ಹೊರಗಿನಿಂದ ಹಣ ತರಲು ಹಾಕುವ ಅರ್ಜಿಗಳು.

ನಾನು ಚೆನ್ನೈಯ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಪಾಠ, ಪ್ರಾಕ್ಟಿಕಲ್, ಪರೀಕ್ಷೆ, ಹಾಸ್ಟೆಲಿನ ಜಗಳ ಎಲ್ಲ ಮುಗಿಸಿದ ಮೇಲೆ ಪ್ರತಿಯೊಬ್ಬ ಅಧ್ಯಾಪಕರೂ ವರ್ಷಕ್ಕೆ ಎರಡು ಅರ್ಜಿ ಹಾಕಬೇಕೆಂದು ಆಡಳಿತದವರ ಅಪ್ಪಣೆ. ಹಣ ಬರಲೇಬೇಕೆಂದಿಲ್ಲ, ಹಾಕಿದ್ದೇವೆಂದು ತೋರಿಸಬೇಕು. ತಪಾಸಣೆಗೆ ಬರುವವರ ಮುಂದಿಡಲು ಒಂದು ದಪ್ಪ ಫೈಲು ಇದೆ. ಅದರ ಹೊಟ್ಟೆ ತುಂಬಿಸುವುದೇ ನಮ್ಮ ಸಂಶೋಧನೆ.

ಅರ್ಜಿ ಹಾಕಲು ಮೊದಲು ಹಣ ಎಲ್ಲಿದೆ ಎಂದು ಹುಡುಕಬೇಕಲ್ಲ. ಆ ಹುಡುಕಾಟದಲ್ಲಿ ನನ್ನ ಎಷ್ಟು ಭಾನುವಾರಗಳು ಹೋಗಿವೆಯೋ ದೇವರೇ ಬಲ್ಲ. ಒಂದು ವೆಬ್‌ಸೈಟಿನಲ್ಲಿ ಕೊನೆಯ ದಿನಾಂಕ ಮುಗಿದ ಮೇಲೆ ಪ್ರಕಟಣೆ ಕಾಣಿಸಿಕೊಳ್ಳುತ್ತದೆ. ಇನ್ನೊಂದರಲ್ಲಿ ನಲವತ್ತು ಪುಟ ತುಂಬಿಸಿ ಸಲ್ಲಿಸುವ ಗುಂಡಿ ಒತ್ತಿದರೆ ಮೊದಲಿನಿಂದ ಶುರು ಮಾಡಿ ಎನ್ನುತ್ತದೆ. ಯುವ ವಿಜ್ಞಾನಿಗಳ ಪ್ರಶಸ್ತಿಗೆ ನನ್ನ ವಯಸ್ಸು ದಾಟಿದೆ. ಹಿರಿಯರ ಪ್ರಶಸ್ತಿಗೆ ಅರ್ಜಿ ಹಾಕಲು ಆಗಲೇ ಎರಡು ಪ್ರಶಸ್ತಿ ಬಂದಿರಬೇಕು. ಹೆಂಗಸರಿಗೆಂದೇ ಇದ್ದ ಒಂದು ಯೋಜನೆಯನ್ನು ಆಸೆಯಿಂದ ತೆರೆದು ನೋಡಿದರೆ, ಅದು ಮಕ್ಕಳುಮರಿ ಎಂದು ಕೆಲಸ ಬಿಟ್ಟು ಮರಳಿ ಬಂದವರಿಗೆ. ನಾನು ಕೆಲಸ ಬಿಟ್ಟೇ ಇರಲಿಲ್ಲ. ಬಾಣಂತಿತನ ಮುಗಿಸಿ ಮೂರನೇ ತಿಂಗಳಿಗೆ ಪ್ರಾಕ್ಟಿಕಲ್ ತೆಗೆದುಕೊಂಡದ್ದೇ ನನ್ನ ತಪ್ಪಾಯಿತು ಎಂದು ಆ ದಿನ ಕಂಪ್ಯೂಟರಿಗೆ ತಮಿಳಿನಲ್ಲಿ ಬೈದೆ.

ಇದರ ನಡುವೆ ಒಂದು ಅರ್ಜಿಯನ್ನು ಮಾತ್ರ ನಾನು ಫೈಲಿಗಾಗಿ ಬರೆಯಲಿಲ್ಲ. ಮನಸ್ಸಿಟ್ಟು ಬರೆದೆ. ಅದು ದೋಸೆ ಹಿಟ್ಟಿನ ಕುರಿತದ್ದು.

ಅಪ್ಪಯ್ಯ ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಈ ಊರಿಗೆ ಬಂದು, ನಮ್ಮ ಕಡೆಯವರದೇ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ರುಬ್ಬುವ ಕಲ್ಲಿನ ಹತ್ತಿರ ಸೇರಿಕೊಂಡವರು. ಕೈಯಲ್ಲಿ ತಿರುಗಿಸುವ ಕಲ್ಲು ಹೋಗಿ ಕರೆಂಟಿನ ಕಲ್ಲು ಬಂತು. ಅವರು ಮಾತ್ರ ಅಲ್ಲೇ ಉಳಿದು, ಅಲ್ಲಿಂದಲೇ ನಿವೃತ್ತರಾದರು. ಆ ಅಡಿಗೆಮನೆಯಲ್ಲಿ ಇವತ್ತಿಗೂ ಹಿಟ್ಟನ್ನು ಕಲ್ಲಿನಲ್ಲೇ ರುಬ್ಬಿ, ಕೈಯಿಂದಲೇ ಕಲಸಿ, ಸೆಕೆ ನೋಡಿ ಉಪ್ಪು ಹಾಕುತ್ತಾರೆ. ಈ ಊರಿನವರು ಕತ್ತಿರಿ ಎನ್ನುವ ಸುಡುಬಿಸಿಲಿನ ಮೇ ತಿಂಗಳಲ್ಲಿ ಬೇರೆ ಹೋಟೆಲುಗಳ ಹಿಟ್ಟು ಮಧ್ಯಾಹ್ನಕ್ಕೆ ಹುಳಿಯಾಗಿ ಮೂಗು ಮುಚ್ಚಿಸಿದರೆ, ಇಲ್ಲಿನ ಹಿಟ್ಟು ಸಂಜೆಯವರೆಗೂ ಹದ ಬಿಡುವುದಿಲ್ಲ. ಯಾಕೆ? ಕಲ್ಲಿನ ರಂಧ್ರಗಳಲ್ಲಿ ಉಳಿದ ಸೂಕ್ಷ್ಮಜೀವಿಗಳೇ, ಕಲಸುವ ಕೈಗಳೇ, ಉಪ್ಪಿನ ಹೊತ್ತೇ? ವರ್ಷವಿಡೀ, ಎಲ್ಲ ಋತುಗಳಲ್ಲಿ ಆ ಹಿಟ್ಟಿನ ಮಾದರಿ ತೆಗೆದು ನೋಡಿದರೆ ಉತ್ತರ ಸಿಗುತ್ತದೆ ಎಂಬುದು ನನ್ನ ಪ್ರಸ್ತಾವನೆ.

ಹಣ ಬಂದರೂ ಕೆಲಸಕ್ಕೆ ಸಿಗುವ ಸಮಯ ಒಂದೇ ವರ್ಷ. ಹೋಟೆಲಿನ ಕಟ್ಟಡವನ್ನು ಬರುವ ಪೊಂಗಲ್ ಬಿಟ್ಟು ಅದರ ಮುಂದಿನ ಪೊಂಗಲ್ ಹೊತ್ತಿಗೆ ಕೆಡವಿ ಹೊಸದು ಕಟ್ಟುವವರಿಗೆ ಕೊಡುವುದೆಂದು ಧಣಿಗಳ ಮನೆಯಲ್ಲಿ ತೀರ್ಮಾನವಾಗಿತ್ತು. ಆಮೇಲೆ ಆ ಕಲ್ಲೂ ಇರುವುದಿಲ್ಲ, ಆ ಕೈಗಳೂ ಒಟ್ಟಿಗಿರುವುದಿಲ್ಲ.

ಜೊತೆಗೆ ಒಬ್ಬ ಹುಡುಗಿ ಇದ್ದಳು. ಅವಳಿಲ್ಲದೆ ಈ ಅರ್ಜಿಯೇ ಇರುತ್ತಿರಲಿಲ್ಲ. ನನ್ನಲ್ಲಿ ಎಂಎಸ್ಸಿ ಮುಗಿಸಿದವಳು, ಕಾಸಿಮೇಡಿನವಳು. ಅವಳ ತಾಯಿ ಅಲ್ಲಿನ ಮೀನು ಬಂದರಿನಲ್ಲಿ ಬೆಳಗಿನ ಜಾವ ಏಲಂ, ಎಂದರೆ ಹರಾಜು, ಕೂಗುವ ಹೆಂಗಸು. ಮಗಳು ಕಾಲೇಜಿಗೆ ಬರುವ ಮೊದಲು ತಾಯಿಯ ಜೊತೆ ಬುಟ್ಟಿ ಎತ್ತಿಸಿ ಬರುತ್ತಿದ್ದಳು. ಮೂಗು ಅದೆಂಥ ಮೂಗು! ಮೀನು ಹಿಡಿದು ಎಷ್ಟು ಹೊತ್ತಾಯಿತೆಂದು ವಾಸನೆಯಲ್ಲೇ ಹೇಳುವವಳು, ಒಂದು ವಾರದಲ್ಲಿ ಹಿಟ್ಟಿನ ಹುಳಿಯನ್ನೂ ಹಾಗೆಯೇ ಹೇಳತೊಡಗಿದಳು. ಅರ್ಜಿಗೆ ಬೇಕಾದ ಮೊದಲ ಮಾದರಿಗಳನ್ನು ಮಂಜುಗಡ್ಡೆಯಲ್ಲಿಟ್ಟು ಒಯ್ಯುವ ಉಪಾಯ ಅವಳದ್ದು. ಆದರೆ ಮೀನಿನ ಪೆಟ್ಟಿಗೆ ನಮ್ಮವರ ಅಡಿಗೆಮನೆಗೆ ಬಂದೀತೇ? ಅವಳೇ ಹೊಸ ಥರ್ಮೋಕೋಲ್ ಪೆಟ್ಟಿಗೆ ತಂದು ಅದರ ಮೇಲೆ ದೊಡ್ಡದಾಗಿ 'ಲ್ಯಾಬ್' ಎಂದು ಬರೆದು ಒಳಗೆ ಬಂದಳು. ಮೊದಲ ದಿನ ಮುಖ ಸಿಂಡರಿಸಿದ ದೋಸೆಭಟ್ಟರು ತಿಂಗಳಾಗುವಷ್ಟರಲ್ಲಿ, "ಆ ಹುಡುಗಿ ಬರ್ಲಿ, ಹಿಟ್ಟು ಆಯ್ತಾ ಅಂತ ಅವಳೇ ಹೇಳ್ಲಿ" ಎನ್ನುವಂತಾಗಿದ್ದರು.

ಪ್ರಸ್ತಾವನೆಯಲ್ಲಿ ಪ್ರಾಜೆಕ್ಟ್ ಫೆಲೋ ಎಂದು ಒಂದು ಹುದ್ದೆ ಕೇಳಿದ್ದೆ. ಅದು ಅವಳಿಗೆ. ಹುದ್ದೆ ಬಂದರೆ ಅವಳು ಪಿಎಚ್‌ಡಿಗೆ ಸೇರಬಹುದಿತ್ತು. ತಾಯಿ ಒಂದು ವರ್ಷದ ಗಡುವು ಕೊಟ್ಟಿದ್ದಳು. ಅಷ್ಟರಲ್ಲಿ ಸ್ಟೈಪೆಂಡ್ ಬಾರದಿದ್ದರೆ ಸಿಕ್ಕ ಕೆಲಸಕ್ಕೆ ಹೋಗಬೇಕು. ಸಮಿತಿ ನಮ್ಮನ್ನು ಕರೆಯುವ ಹೊತ್ತಿಗೆ ಹುಡುಗಿ ಹತ್ತು ತಿಂಗಳು ಕಾದಿದ್ದಳು.

ಅರ್ಜಿ ಕಳಿಸುವುದೇ ಒಂದು ಯುದ್ಧವಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮ ಕಚೇರಿಯಲ್ಲಿ ಕಾಲೇಜಿನ ಒಪ್ಪಿಗೆ ಪತ್ರಕ್ಕೆ ಸೀಲು ಹಾಕುವವರು ಹಾಗೆ. ಪ್ರಾಂಶುಪಾಲರು ಸಹಿ ಹಾಕಿದ ಪತ್ರ ಸೀಲಿಲ್ಲದೆ ನಾಲ್ಕು ದಿನ ಮೇಜಿನ ಮೇಲೆ ಮಲಗಿತ್ತು. ಕೊನೆಗೆ ಹುಡುಗಿ ಹೋಗಿ ಕಚೇರಿಯ ಬಾಗಿಲಲ್ಲಿ ಸುಮ್ಮನೆ ನಿಂತಳು. ಊಟದ ಹೊತ್ತಿಗೂ ಕದಲಲಿಲ್ಲ. ಮೂರು ಗಂಟೆಗೆ ಸೀಲು ಬಿತ್ತು.

ಎರಡು ತಿಂಗಳ ಮೇಲೆ, ನಿಮ್ಮ ಪ್ರಸ್ತಾವನೆ ಮೊದಲ ಸುತ್ತು ದಾಟಿದೆ, ತಜ್ಞರ ಸಮಿತಿಯ ಮುಂದೆ ವಿಡಿಯೊದಲ್ಲಿ ವಿವರಿಸಿ ಎಂದು ಪತ್ರ ಬಂತು. ಲ್ಯಾಬಿನಲ್ಲೇ ಮೇಜು ಒರೆಸಿ ಕಂಪ್ಯೂಟರ್ ಇಟ್ಟೆವು. ನಾನು ಇಸ್ತ್ರಿ ಸೀರೆ ಉಟ್ಟು ಕ್ಯಾಮೆರಾ ಮುಂದೆ ಕೂತೆ. ಹುಡುಗಿ ನನ್ನ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ ಒಂದು ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಮೌಸ್ ಹಿಡಿದು ಚಿತ್ರಗಳನ್ನು ಬದಲಾಯಿಸುತ್ತಿದ್ದಳು.

ಚೆನ್ನಾಗಿಯೇ ನಡೆಯಿತು. ಐದು ಜನ ತಜ್ಞರು, ಒಬ್ಬರು ಕಾಫಿ ಕುಡಿಯುತ್ತಿದ್ದರು, ಒಬ್ಬರು ಫೋನು ನೋಡುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಕೊನೆಯಲ್ಲಿ ಅಧ್ಯಕ್ಷರು ಕನ್ನಡಕ ತೆಗೆದು, ಬಹಳ ಸೌಮ್ಯವಾಗಿ, ಕೆಲಸ ಚೆನ್ನಾಗಿದೆ, ಮಾದರಿಗಳೇನೂ ಹೆಚ್ಚಿಲ್ಲ, ಈ ಸಲ ನಮ್ಮ ಕೈ ಸ್ವಲ್ಪ ಬಿಗಿಯಾಗಿದೆ, ಫೆಲೋ ಇಲ್ಲದೆ ನೀವೇ ಮಾಡಬಹುದಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಐ ವಿಲ್ ಮ್ಯಾನೇಜ್, ಸರ್."

ಯೋಚಿಸಲಿಲ್ಲ. ಅವರ ಮಾತು ಮುಗಿಯುವ ಮೊದಲೇ ನನ್ನ ಬಾಯಿ ಹೇಳಿ ಮುಗಿಸಿತ್ತು. ಅಧ್ಯಕ್ಷರು ನಕ್ಕು ಏನೋ ಬರೆದುಕೊಂಡರು. ಹುಡುಗಿ ಒಂದು ಕ್ಷಣವೂ ತಡಮಾಡದೆ ಮೌಸ್ ಒತ್ತಿ ಕೊನೆಯ ಚಿತ್ರ ತಂದಳು. ಅದರಲ್ಲಿ ಧನ್ಯವಾದ ಎಂದಿತ್ತು. ಕೆಳಗೆ ಆ ಅಡಿಗೆಮನೆಯ ಕಲ್ಲಿನ ಫೋಟೊ. ಅದನ್ನು ತೆಗೆದವಳೂ ಅವಳೇ.

ಹೋಟೆಲಿನ ಅನ್ನ ತಿಂದು ಬೆಳೆದವರಿಗೆ ಮಾತ್ರ ಇದು ಅರ್ಥವಾಗುತ್ತದೆ. ಮ್ಯಾನೇಜ್ ಎಂಬುದಕ್ಕೆ ನಮ್ಮ ಕಡೆಯವರ ಮಾತು ಸುಧಾರಿಸುವುದು, ಎಂದರೆ ಇದ್ದುದರಲ್ಲೇ ಹೇಗೋ ಮಾಡಿ ಕೆಲಸ ದಾಟಿಸುವುದು. ಅಡಿಗೆಮನೆಯಲ್ಲಿ ಇಲ್ಲ ಎಂಬ ಮಾತಿಲ್ಲ. ಸಾಂಬಾರು ಕಡಿಮೆಯಾದರೆ ಬಿಸಿನೀರು ಬೀಳುತ್ತದೆ, ಇಬ್ಬರಿಗೆ ಜ್ವರ ಬಂದರೆ ಮೂರನೆಯವನಿಗೆ ಆರು ಕೈ ಬರುತ್ತವೆ. ಧಣಿಗಳು ಬಾಗಿಲಲ್ಲಿ ನಿಂತು "ಆಗ್ತದಾ?" ಎಂದರೆ ಉತ್ತರ ಒಂದೇ, "ಸುಧಾರಿಸ್ತೇನೆ ಧಣೀ." ಆಗುವುದಿಲ್ಲ ಎಂದವನು ಕೆಲಸಗಳ್ಳ. ಅಪ್ಪಯ್ಯ ಈ ಮಾತನ್ನು ಮಂತ್ರದ ಹಾಗೆ ನಮಗೆ ಕಲಿಸಿದರು. ಶಾಲೆಗೆ ಹಳೇ ಪುಸ್ತಕ, ಸುಧಾರಿಸು. ಒಂದೇ ಕೋಣೆಯಲ್ಲಿ ಐದು ಜನ, ಸುಧಾರಿಸು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಮ್ಮ ಸೇರಿಸುತ್ತಿದ್ದಳು. ನನ್ನ ಎದುರಿಗೇ ಒಬ್ಬರು ಕೂತು ಹಾಸಿಗೆಯನ್ನು ಕತ್ತರಿಸುತ್ತಿದ್ದರೆ ನಾನು ವಿನಯದಿಂದ ಕಾಲು ಮಡಚಿಕೊಟ್ಟೆ. ಅದೂ ನನ್ನ ಕಾಲಲ್ಲ, ಆ ಹುಡುಗಿಯದು.

ಕಂಪ್ಯೂಟರ್ ಆರಿಸಿದ ಮೇಲೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. "ಅವರು ಸುಮ್ಮನೆ ಕೇಳಿದ್ದು, ಕೊಡ್ತಾರೆ" ಎಂದೆ. "ಕುಡುಪ್ಪಾಂಗ ಮೇಡಂ" ಎಂದು ಅವಳೂ ಅದನ್ನೇ ತಮಿಳಿನಲ್ಲಿ ಹೇಳಿ ತಲೆಯಾಡಿಸಿದಳು. ಇಬ್ಬರೂ ಸುಳ್ಳು ಹೇಳುತ್ತಿದ್ದೆವು.

ಮಂಜೂರಾತಿ ಪತ್ರ ಬಂತು. ರಾಸಾಯನಿಕಗಳಿಗೆ ಇಷ್ಟು, ಗಾಜಿನ ಸಾಮಾನಿಗೆ ಇಷ್ಟು, ಓಡಾಟಕ್ಕೆ ಇಷ್ಟು. ಫೆಲೋ ಎಂಬ ಸಾಲಿನ ಎದುರು ಒಂದು ಅಡ್ಡಗೆರೆ, ಪಕ್ಕದಲ್ಲಿ 'ಪ್ರಧಾನ ಸಂಶೋಧಕರು ಒಪ್ಪಿರುವಂತೆ' ಎಂಬ ಟಿಪ್ಪಣಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮುತ್ತನ್ನು ಅವರು ಸರ್ಕಾರಿ ಭಾಷೆಯಲ್ಲಿ ಟೈಪು ಮಾಡಿ ನನಗೇ ಕಳಿಸಿದ್ದರು.

ಕಾಲೇಜಿನವರಿಗೆ ಸಂಭ್ರಮವೋ ಸಂಭ್ರಮ. ಗೇಟಿನಲ್ಲಿ ನನ್ನ ಫೋಟೊ ಇರುವ ಫ್ಲೆಕ್ಸ್ ಕಟ್ಟಿದರು. ಸಭೆ ಕರೆದು ಶಾಲು ಹೊದಿಸಿದರು. ಸೀಲಿಗೆ ನಾಲ್ಕು ದಿನ ಕಾಯಿಸಿದ ಮಹಾಶಯರೇ ಹಾರ ಹಿಡಿದು ನಿಂತಿದ್ದರು. ಕಡಿಮೆ ಖರ್ಚಿನಲ್ಲಿ ದೊಡ್ಡ ಕೆಲಸ ಮಾಡುವುದನ್ನು ಎಲ್ಲರೂ ಇವರಿಂದ ಕಲಿಯಬೇಕು ಎಂದು ಪ್ರಾಂಶುಪಾಲರು ಭಾಷಣ ಮಾಡಿದರು. ಹುಡುಗಿ ಕೊನೆಯ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಆ ಶಾಲನ್ನು ಕಿತ್ತು ಮೈಕಿನ ಮೇಲೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಬಂದೆ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಣ ಕೊಟ್ಟ ಸಂಸ್ಥೆಗೆ ಪತ್ರ ಬರೆದೆ. ಮಾದರಿ ತೆಗೆಯುವ ದಿನ ಒಬ್ಬರು ಅಡಿಗೆಮನೆಯಲ್ಲಿ, ಒಬ್ಬರು ಲ್ಯಾಬಿನಲ್ಲಿ ಇರಲೇಬೇಕು, ಹುದ್ದೆ ಮರಳಿಸಿ ಎಂದು ಕೇಳಿದೆ. ವಿಭಾಗದ ಮುಖ್ಯಸ್ಥರು, "ಮೇಡಂ, ಕೆದಕಬೇಡಿ, ಇದ್ದದ್ದೂ ಹೋಗುತ್ತೆ" ಎಂದು ಹೆದರಿಸಿದರು. ಆರು ವಾರಗಳ ಮೇಲೆ ಎರಡೇ ಸಾಲಿನ ಉತ್ತರ ಬಂತು: ಸಮಿತಿಯ ಮುಂದೆ ತಾವೇ ಒಪ್ಪಿರುವುದರಿಂದ ಮಂಜೂರಾತಿಯಲ್ಲಿ ಬದಲಾವಣೆ ಸಾಧ್ಯವಿಲ್ಲ.

ಅಷ್ಟರಲ್ಲಿ ತಾಯಿ ಕೊಟ್ಟ ಗಡುವು ಮುಗಿದಿತ್ತು. ಹುಡುಗಿಗೆ ಅಂಬತ್ತೂರಿನ ಒಂದು ಬಿಸ್ಕತ್ತು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಸಿಕ್ಕಿತು. "ಪರವಾಯಿಲ್ಲೆ ಮೇಡಂ" ಎಂದಳು. ಅವಳು ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಿದ್ದು ಅವಳ ತಾಯಿ.

ನಾನೇ ಹೋದೆ, ಕಾಸಿಮೇಡಿಗೆ. ಮುಖ ತೋರಿಸದೆ ಇದ್ದುಬಿಟ್ಟರೆ ನಿದ್ದೆ ಬರುತ್ತಿರಲಿಲ್ಲ. ಏಲಂ ಮುಗಿದು ನೆಲ ತೊಳೆಯುತ್ತಿದ್ದರು. ಆಕೆ ಒಂದು ಕವುಚಿದ ಕ್ರೇಟಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ನನಗೂ ಒಂದು ಚಹಾ ತರಿಸಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ, ಮುಚ್ಚಿಡಲಿಲ್ಲ. ಆಕೆ ಗ್ಲಾಸು ಕೆಳಗಿಟ್ಟಳು.

"ಕಟ್ಟುಪಡಿ ಆಗಾದು ಅಂತ ಒಂದು ಮಾತು ಹೇಳೋಕೆ ಬಾಯಿ ಇರಲಿಲ್ವಾ ಟೀಚರಮ್ಮಾ?" ಎಂದಳು ತಮಿಳಿನಲ್ಲಿ. ಗಿಟ್ಟುವುದಿಲ್ಲ ಎನ್ನಲು ಬಂದರಿನವರು ಆಡುವ ಮಾತು ಅದು. "ಇಲ್ಲಿ ದಿನಾ ಕೇಳ್ತಾರೆ, ಅರ್ಧಕ್ಕೆ ಕೊಡು, ಕಾಲಿಗೆ ಕೊಡು ಅಂತ. ಕೇಳೋದು ಅವರ ಕೆಲಸ. ಇಲ್ಲ ಅನ್ನೋದು ನಮ್ಮ ಕೆಲಸ. ಮೊದಲ ಮಾತಿಗೇ ಯಾರಾದರೂ ಹೂಂ ಅಂತಾರಾ? ಅವರು ಬೆಲೆ ಇಳಿಸೋಕೆ ಕೇಳಿದ್ರು. ನೀವು ಮೀನನ್ನೇ ಕೊಟ್ಟು ಬಂದ್ರಿ."

"ತಪ್ಪಾಯ್ತು ಅಮ್ಮಾ" ಎಂದೆ.

"ಓದಿದೋರು ನೀವು. ಓದಿದೋರಿಗೆ ಚೌಕಾಸಿ ಬರುತ್ತೆ ಅಂದ್ಕೊಂಡಿದ್ದೆ" ಎಂದು ಆಕೆ ಗ್ಲಾಸಿನಲ್ಲಿ ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿದಳು. ನನ್ನ ಚಹಾಕ್ಕೆ ನಾನೇ ಕೊಡುತ್ತೇನೆ ಎಂದರೆ ಬಿಡಲಿಲ್ಲ.

ಮನೆಗೆ ಬಂದರೆ ಅಪ್ಪಯ್ಯ ಊಟಕ್ಕೆ ಕಾಯುತ್ತಿದ್ದರು. ಬೆಳಿಗ್ಗೆಯೇ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಅಲ್ಲಿಯವರೆಗೆ ಅವರಿಗೆ ಹಣ ಬಂದದ್ದು ಮಾತ್ರ ಗೊತ್ತಿತ್ತು. ಫೆಲೋ ಇಲ್ಲದೆ ಎಂಬುದು ಗೊತ್ತಿರಲಿಲ್ಲ. ಹೇಳಿದೆ.

"ಒಳ್ಳೇದಾಯ್ತಲ್ಲ" ಎಂದರು. "ಸುಧಾರಿಸ್ತೇನೆ ಅಂದ್ಯಲ್ಲ, ಅದಕ್ಕೇ ಕೊಟ್ಟದ್ದು ಅವ್ರು. ಇಲ್ಲ ಅಂತಿದ್ರೆ ಎಂತದೂ ಕೊಡ್ತಿರ್ಲಿಲ್ಲ."

ನನಗೆ ತಡೆಯಲಾಗಲಿಲ್ಲ. ನೀವು ಕಲಿಸಿದ್ದೇ ನನ್ನನ್ನು ಹಾಳು ಮಾಡಿತು, ಸುಧಾರಿಸಿ ಸುಧಾರಿಸಿ ನಮ್ಮ ಮನೆಯಲ್ಲಿ ಯಾರು ಉದ್ಧಾರವಾದರು, ಸುಧಾರಿಸಿದ್ದಕ್ಕೆ ಧಣಿಗಳು ನಿಮ್ಮ ಹೆಗಲಿಗೆ ಎಣ್ಣೆ ತಿಕ್ಕಲು ಬಂದರೇ ಎಂದು ಕೂಗಿದೆ. ಅರ್ಧ ತಮಿಳಿನಲ್ಲಿ. ಪಕ್ಕದ ಫ್ಲ್ಯಾಟಿನ ಬಾಗಿಲು ತೆರೆದು ಮುಚ್ಚಿತು. ತಂದೆಗೆ ಹಾಗೆ ಹೇಳಬಾರದಿತ್ತು. ಆದರೆ ಹೇಳಿದ್ದು ಸುಳ್ಳಲ್ಲ, ಹಾಗಾಗಿ ಕ್ಷಮೆಯನ್ನೂ ಕೇಳಲಿಲ್ಲ.

ಅಪ್ಪಯ್ಯ ತಟ್ಟೆಯಲ್ಲಿದ್ದ ಅನ್ನವನ್ನು ಕಲಸಿದರು. ಆಮೇಲೆ, "ಕಲ್ಲಿನ ಹತ್ರ ನಾವು ಇಬ್ರು ಇದ್ದದ್ದು" ಎಂದರು.

ಈ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಕರೆಂಟಿನ ಕಲ್ಲು ಬಂದ ವರ್ಷ ಧಣಿ ಕೇಳಿದ್ರು, ಒಬ್ನೇ ಸುಧಾರಿಸ್ತೀಯಾ ಅಂತ. ಹೂಂ ಅಂದೆ. ಅವ ಅಲ್ಲೇ ಉದ್ದು ತೊಳೀತಾ ಇದ್ದ."

"ಆ ಇನ್ನೊಬ್ಬರು ಏನಂದ್ರು?"

"ಎಂತ ಅನ್ನುದು? ಸಂಜೆ ಟ್ರಂಕು ತೆಗೊಂಡು ಹೋದ. ನಮ್ಮ ಊರಿನವನೇ." ಅಪ್ಪಯ್ಯ ಎಡಗೈಯಿಂದ ಬಲ ಹೆಗಲು ಹಿಡಿದುಕೊಂಡರು. ಆ ಹೆಗಲು ಎತ್ತಲು ಬಾರದೆ ಹತ್ತು ವರ್ಷವಾಯಿತು. "ಆಮೇಲೆ ಊರಿಗೆ ಹೋದಾಗೆಲ್ಲ ನಾನು ಅವನ ಮನೆ ಎದುರಿನ ದಾರಿಯಲ್ಲಿ ಹೋಗ್ತಿರ್ಲಿಲ್ಲ. ಗದ್ದೆ ಬದಿಯಲ್ಲಿ ಸುತ್ತಿ ಹೋಗ್ತಿದ್ದೆ."

ನಮ್ಮನ್ನು ಮಕ್ಕಳಾಗಿದ್ದಾಗ ಆ ಗದ್ದೆಯ ಬದಿಯಲ್ಲಿ, ಕೆಸರಿನಲ್ಲಿ ನಡೆಸಿಕೊಂಡು ಹೋಗುತ್ತಿದ್ದದ್ದು ನೆನಪಾಯಿತು. ಹತ್ತಿರದ ದಾರಿ ಎನ್ನುತ್ತಿದ್ದರು.

ಕೆಲಸ ಶುರುವಾಯಿತು. ಒಬ್ಬಳೇ ಮಾಡಿದೆ. ವಾರಕ್ಕೊಂದು ದಿನ ಮಧ್ಯಾಹ್ನ ಹೋಟೆಲಿನ ಅಡಿಗೆಮನೆ, ರುಬ್ಬಿದ ಕೂಡಲೇ ಒಂದು ಮಾದರಿ, ಕಲಸಿದ ಮೇಲೆ ಒಂದು, ಆಮೇಲೆ ಮೂರು ಮೂರು ತಾಸಿಗೆ ಒಂದೊಂದು. ಅದನ್ನು ಆಟೊದಲ್ಲಿ ಲ್ಯಾಬಿಗೆ ಒಯ್ಯಬೇಕು, ಒಯ್ದ ಕೂಡಲೇ ತಟ್ಟೆಗಳಲ್ಲಿ ಬೆಳೆಸಲಿಡಬೇಕು, ಅಷ್ಟರಲ್ಲಿ ಹೋಟೆಲಿನಲ್ಲಿ ಮುಂದಿನದರ ಹೊತ್ತಾಗುತ್ತದೆ. ಫೆಬ್ರವರಿ ದಾಟಿತು, ಮಾರ್ಚ್ ದಾಟಿತು, ಏಪ್ರಿಲಿನಲ್ಲಿ ಎರಡು ವಾರ ತಪ್ಪಿತು. ಮೇ ತಿಂಗಳಲ್ಲಿ, ಯಾವ ತಿಂಗಳಿಗಾಗಿ ಈ ಇಡೀ ಅರ್ಜಿ ಬರೆದಿದ್ದೆನೋ ಆ ತಿಂಗಳಲ್ಲಿ, ಕಾಲೇಜಿನವರು ನನ್ನನ್ನು ಉತ್ತರಪತ್ರಿಕೆ ತಿದ್ದುವ ಶಿಬಿರಕ್ಕೆ ಹಾಕಿದರು. ಶಾಲು ಹೊದಿಸಿದ ಪ್ರಾಂಶುಪಾಲರ ಮುಂದೆ ನಿಂತು ಬಿಡಿಸಿ ಎಂದು ಕೇಳಿದೆ. "ನೀವು ಹೇಗಾದರೂ ಮ್ಯಾನೇಜ್ ಮಾಡ್ತೀರಿ ಮೇಡಂ" ಎಂದು ನಕ್ಕರು.

ಶಿಬಿರ ಮುಗಿಸಿ ಓಡಿಹೋಗಿ ಒಂದು ದಿನ ಮಾದರಿ ತೆಗೆದೆ. ಆಟೊ ಸಿಗ್ನಲ್ಲಿನಲ್ಲಿ ಸಿಕ್ಕಿ, ಪೆಟ್ಟಿಗೆಯಲ್ಲಿದ್ದ ಮಂಜುಗಡ್ಡೆ ಕರಗಿ, ಲ್ಯಾಬ್ ತಲುಪುವಷ್ಟರಲ್ಲಿ ಹಿಟ್ಟು ಟ್ಯೂಬಿನ ಮುಚ್ಚಳ ತಳ್ಳಿ ಹೊರಗೆ ಉಕ್ಕಿತ್ತು. ಲ್ಯಾಬಿನ ನೆಲದ ಮೇಲೆ ಕೂತು ಅತ್ತೆ. ಅದು ದುಃಖವಲ್ಲ, ಸಿಟ್ಟು. ಕತ್ತಿರಿ ಮುಗಿಯಿತು. ಮೇ ತಿಂಗಳ ಒಂದೇ ಒಂದು ಅಂಕಿಯೂ ನನ್ನ ಪುಸ್ತಕದಲ್ಲಿಲ್ಲ. ಮುಂದಿನ ಮೇ ಬರುವ ಹೊತ್ತಿಗೆ ಆ ಅಡಿಗೆಮನೆ ಇರುವುದಿಲ್ಲ.

ಜೂನಿನ ಒಂದು ಭಾನುವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಹುಡುಗಿ. ಕೈಯಲ್ಲಿ ಹೊಸ ಥರ್ಮೋಕೋಲ್ ಪೆಟ್ಟಿಗೆ. ದೋಸೆಭಟ್ಟರು ಫೋನು ಮಾಡಿ ಎಲ್ಲ ಹೇಳಿದ್ದರಂತೆ. ಕಾರ್ಖಾನೆಯಲ್ಲಿ ಆರು ದಿನ ಪಾಳಿ ಮುಗಿಸಿ ಬಂದ ಅವಳ ಕಣ್ಣು ಕೆಂಪಾಗಿತ್ತು.

"ಇನಿಮೇ ಸಂಡೇ ಸಂಡೇ ನಾ ವರೇನ್ ಮೇಡಂ" ಎಂದಳು. ಇನ್ನು ಪ್ರತಿ ಭಾನುವಾರ ತಾನು ಬರುತ್ತೇನೆ ಎಂದು. "ಕಾಸು ಎಲ್ಲಾಂ ವೇಣಾಂ. ಮ್ಯಾನೇಜ್ ಪಣ್ಣಿಕ್ಕಿರೇನ್." ದುಡ್ಡೇನೂ ಬೇಡ, ಹೇಗೋ ಸುಧಾರಿಸಿಕೊಳ್ಳುತ್ತೇನೆ ಎಂದು.

ಮ್ಯಾನೇಜ್. ನನ್ನ ಬಾಯಿಂದ ಹೋದ ಮಾತು ಅವಳ ಬಾಯಲ್ಲಿ ಬಂದು ಕೂತಿತ್ತು. ಅಪ್ಪಯ್ಯನಿಂದ ನನಗೆ, ನನ್ನಿಂದ ಇವಳಿಗೆ. ಮೀನಿನ ಏಲಂನಲ್ಲಿ ಬೆಳೆದ ಹುಡುಗಿಗೆ, ತಾಯಿ ಹಾಲಿನ ಜೊತೆ ಇಲ್ಲ ಎನ್ನುವುದನ್ನು ಕುಡಿಸಿದ ಹುಡುಗಿಗೆ, ಮೂರು ವರ್ಷ ನನ್ನ ಜೊತೆ ಇದ್ದದ್ದಕ್ಕೆ ಅಂಟಿದ ರೋಗ ಇದು. ಕಿವಿ ಬಿಸಿಯಾಯಿತು.

"ಬೇಡ" ಎಂದೆ. "ಒಂದು ಟ್ಯೂಬೂ ಮುಟ್ಟಕೂಡದು ನೀನು."

ಅವಳಿಗೆ ಅಳು ಬಂದಂತಾಯಿತು. "ಜೂನಾದರೂ ಸಿಗುತ್ತೆ ಮೇಡಂ. ಇಲ್ಲಾಂದ್ರೆ ಅದೂ ಪೋಯಿಡುಂ" ಎಂದು ನನ್ನ ಕನ್ನಡವನ್ನೂ ತನ್ನ ತಮಿಳನ್ನೂ ಕಲಸಿ ಹೇಳಿದಳು.

"ಹೋಗಲಿ."

ಹಾಗೆ ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ಅವಳಿಗೆ ತಿಳಿಯದು. ನಾನು ಹೂಂ ಎಂದಿದ್ದರೆ ಜೂನ್, ಜುಲೈ, ಮಳೆಗಾಲ ಎಲ್ಲ ಸಿಗುತ್ತಿತ್ತು. ವರದಿ ಚೆಂದವಾಗುತ್ತಿತ್ತು. ಸಮಿತಿಯವರು, ನೋಡಿ, ಫೆಲೋ ಇಲ್ಲದೆಯೇ ಆಯಿತಲ್ಲ ಎಂದು ಮುಂದಿನವರ ಹುದ್ದೆಯ ಎದುರೂ ಗೆರೆ ಎಳೆಯುತ್ತಿದ್ದರು.

ಪೆಟ್ಟಿಗೆ ಕೆಳಗಿಡಿಸಿ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ವಿದ್ಯಾರ್ಥಿಗಳೇ ತಮ್ಮ ಹೆಸರಿನಲ್ಲಿ ನೇರವಾಗಿ ಹಾಕಬಹುದಾದ ಒಂದು ಫೆಲೋಶಿಪ್ಪಿನ ಪ್ರಕಟಣೆ ಬಂದಿತ್ತು. ಅಂದು ಇಡೀ ದಿನ ಅವಳ ಅರ್ಜಿ ತುಂಬಿದೆವು. ಅಗತ್ಯಗಳು ಎಂಬ ಕಡೆ ಅವಳು ಎರಡು ಸಾಲು ಬರೆದು ನಿಲ್ಲಿಸಿದಳು. ಇನ್ನೂ ಬರಿ ಎಂದೆ. ಓಡಾಟ? ಬರಿ. ಒಬ್ಬ ಸಹಾಯಕ? ಬರಿ. ಅಷ್ಟೆಲ್ಲ ಕೇಳಿದರೆ ಕೊಡುವುದಿಲ್ಲ ಮೇಡಂ ಎಂದಳು. ಕೊಡದಿದ್ದರೆ ಅವರು ಕೊಡುವುದಿಲ್ಲ ಎನ್ನಲಿ, ಅವರ ಪರವಾಗಿ ನೀನು ಹೇಳಬೇಡ ಎಂದು ಗದರಿದೆ. ಅದರ ಫಲಿತಾಂಶ ಇನ್ನೂ ಬಂದಿಲ್ಲ.

ನನ್ನ ವರದಿಯ ಹೊತ್ತು ಬಂದದ್ದು ಈ ತಿಂಗಳು. ಅದನ್ನು ಮನೆಯಲ್ಲೇ ಊಟದ ಮೇಜಿನ ಮೇಲೆ ಬರೆಯಲು ಕೂತೆ. ಅಪ್ಪಯ್ಯ ಎದುರಿಗೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ಒಂದು ಕಡೆ, ಕೆಲಸದಲ್ಲಿ ಕೊರತೆಯಿದ್ದರೆ ಕಾರಣ ಎಂಬ ಚೌಕವಿತ್ತು. ಇಂಥ ಚೌಕಗಳಲ್ಲಿ ಏನು ಬರೆಯಬೇಕೆಂದು ಎಲ್ಲರಿಗೂ ಗೊತ್ತು: ಹವಾಮಾನ, ಕರೆಂಟು, ಅನಿವಾರ್ಯ ಕಾರಣ. ಹಿಂದೆ ನಾನೂ ಬರೆದಿದ್ದೇನೆ.

ಈ ಸಲ ಬೇರೆ ಬರೆದೆ. ಈ ಕೆಲಸಕ್ಕೆ ಇಬ್ಬರು ಬೇಕಿತ್ತು. ಒಬ್ಬರನ್ನು ತೆಗೆದಿರಿ. ನಾನೊಬ್ಬಳೇ ಮಾಡುತ್ತೇನೆ ಎಂದು ಹೇಳಿದ್ದು ತಪ್ಪು. ನನ್ನಿಂದ ಆಗಲಿಲ್ಲ.

ಒಮ್ಮೆ ಅಳಿಸಿದೆ, ಮತ್ತೆ ಬರೆದೆ. ಅಪ್ಪಯ್ಯ ನಾರು ತೆಗೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಎಂತ ಬರ್ದದ್ದು?"

ಅವರಿಗೆ ಇಂಗ್ಲಿಷ್ ಓದಲು ಬಾರದು. ಕನ್ನಡದಲ್ಲಿ ಹೇಳಿದೆ. "ಸುಧಾರಿಸ್ಲಿಕ್ಕೆ ಆಗ್ಲಿಲ್ಲ ಅಂತ ಬರ್ದೆ ಅಪ್ಪಯ್ಯ."

ಅವರು ಕೈಯಲ್ಲಿದ್ದ ಬೀನ್ಸನ್ನು ತಟ್ಟೆಯಲ್ಲಿಟ್ಟರು. ಎಡಗೈ ತಾನಾಗಿ ಬಲ ಹೆಗಲಿಗೆ ಹೋಯಿತು. ಕಂಪ್ಯೂಟರಿನ ಮೇಲಿದ್ದ, ತಾವು ಓದಲಾರದ ಆ ನಾಲ್ಕು ಸಾಲುಗಳ ಕಡೆ ಬಗ್ಗಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿ ಕೇಳಿದರು:

"ಹಾಗೆ ಹೇಳ್ಲಿಕ್ಕೆ ಆಗ್ತದಾ ಮಗಾ?"